ನಾಲ್ಕು ಮುಖ, ನಾಲ್ಕು ಗೋಡೆ

ನಿವೃತ್ತಳಾದ ಮೇಲೆ ನನಗೆ ಸಿಕ್ಕ ದೊಡ್ಡ ಸೌಲಭ್ಯವೆಂದರೆ, ಇನ್ನು ಮುಂದೆ ಯಾರೂ ನನ್ನನ್ನು ಮ್ಯೂಟ್ ಮಾಡಲು ಬರುವುದಿಲ್ಲ. ಪಿಂಚಣಿಯೆಲ್ಲ ಅದರ ನಂತರದ ಮಾತು.

ಮೊನ್ನೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಅತಿಥಿ ಉಪನ್ಯಾಸಕಿಯಾಗಿ ಸೇರಿದ ಖುಷಿಗೆ ಪೇಢೆ ತಂದಿದ್ದಳು. ನನ್ನ ಬಾಯಿಗೊಂದು ಇಟ್ಟು, "ಮೇಡಂ, ಹುಡುಗರನ್ನ ಗುಂಪು ಮಾಡಿ ಆನ್‌ಲೈನ್‌ನ್ಯಾಗ ಕಲಸೂದು ಹೆಂಗಂತ ಒಂಚೂರು ಹೇಳ್ರಿ. ನಿಮಗ ಅದರಾಗ ಭಾಳ ಅನುಭವ ಐತಿ ಅಂತ ಎಲ್ಲಾರೂ ಅಂತಾರ" ಎಂದಳು. ಬಾಯಿ ತುಂಬ ಪೇಢೆ ಇದ್ದುದರಿಂದ ಕೂಡಲೇ ಉತ್ತರ ಕೊಡಲಾಗಲಿಲ್ಲ. ಅವಳ ಅದೃಷ್ಟ. ಕೊಟ್ಟಿದ್ದರೆ ಮರುದಿನವೇ ಕೆಲಸ ಬಿಡುತ್ತಿದ್ದಳೋ ಏನೋ. ಆ ಉತ್ತರವನ್ನು ಈಗ ನಿಧಾನಕ್ಕೆ ಬರೆಯುತ್ತಿದ್ದೇನೆ, ಅವಳ ಹಾಗೆ ಹೊಸದಾಗಿ ಹಲಗೆಯ ಮುಂದೆ ನಿಂತವರೆಲ್ಲರಿಗೂ ಆಗಲಿ ಎಂದು.

ನನ್ನ ಆ ಭಾರೀ ಅನುಭವ ಒಂದೇ ಒಂದು ಮಧ್ಯಾಹ್ನದ್ದು. ಆದರೆ ಅಲ್ಲಿಗೆ ಹೇಗೆ ಹೋಗಿ ಮುಟ್ಟಿದೆವೆಂದು ತಿಳಿಯಬೇಕಾದರೆ ಅದರ ಹಿಂದಿನದನ್ನೂ ಸ್ವಲ್ಪ ಹೇಳಬೇಕು.

ನಾನು ಕಲಿಸಿದ್ದು ಅರ್ಥಶಾಸ್ತ್ರ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳೊಳಗೇ ಇಡೀ ನೌಕರಿ ಮುಗಿಯಿತು. ಮುಂದೆ ಹೇಳುವ ಘಟನೆ ಯಾವ ಕಾಲೇಜಿನದೆಂದು ಹೇಳುವುದಿಲ್ಲ. ಹಾನಗಲ್ಲಿನವರು ಹಿರೇಕೆರೂರಿನದೆಂದು ತಿಳಿಯಲಿ, ಹಿರೇಕೆರೂರಿನವರು ಹಾನಗಲ್ಲಿನದೆಂದು ತಿಳಿಯಲಿ. ಎಲ್ಲರಿಗೂ ಸಮಾಧಾನ ಸಿಗುವ ವ್ಯವಸ್ಥೆ ಇದೊಂದೇ.

ನಾನು ಸೇರಿದ ಹೊಸದರಲ್ಲಿ 'ಸಹಯೋಗಿ ಕಲಿಕೆ' ಎಂಬ ಮಾತು ಹುಟ್ಟಿರಲಿಲ್ಲ. ಪಾಪ, ಹುಡುಗರು ಹೆಸರು ಗೊತ್ತಿಲ್ಲದೆಯೇ ಅದನ್ನು ಮಾಡುತ್ತಿದ್ದರು. ಹಿರೇಕೆರೂರಿನಲ್ಲಿದ್ದಾಗ ಮಾಸೂರಿನ ಕಡೆಯಿಂದ ಬರುತ್ತಿದ್ದ ನಾಲ್ವರು ಸೇರಿ ಒಂದೇ ಪಠ್ಯಪುಸ್ತಕ ಕೊಂಡು, ದಾರ ಬಿಚ್ಚಿ, ನಾಲ್ಕು ಭಾಗ ಮಾಡಿ ಹಂಚಿಕೊಂಡಿದ್ದರು. ರಾಷ್ಟ್ರೀಯ ಆದಾಯ ಒಬ್ಬನ ಹತ್ತಿರ, ಬ್ಯಾಂಕಿಂಗ್ ಇನ್ನೊಬ್ಬನ ಹತ್ತಿರ, ವಾರಕ್ಕೊಮ್ಮೆ ಅದಲು ಬದಲು. ಹಣದುಬ್ಬರ ಯಾರ ಪಾಲಿಗೆ ಬಂದಿತ್ತೋ ಅವನು ಭತ್ತದ ನಾಟಿಗೆ ಹೋದಾಗ ಅದನ್ನು ಗದ್ದೆಯ ಬದುವಿನ ಮೇಲೆ ಮರೆತು ಬಂದ. ಆ ವರ್ಷ ಆ ನಾಲ್ವರ ಪಾಲಿಗೆ ದೇಶದಲ್ಲಿ ಹಣದುಬ್ಬರವೇ ಇರಲಿಲ್ಲ. ಪರೀಕ್ಷೆಯಲ್ಲಿ ಅದರದೇ ಪ್ರಶ್ನೆ ಬಂತು. ನಾಲ್ವರೂ ಒಗ್ಗಟ್ಟಿನಿಂದ ಬಿಟ್ಟರು.

ಸವಣೂರಿನಲ್ಲಿ ಇನ್ನೊಂದು ಪದ್ಧತಿ. ಬಾಡಿಗೆಗೆ ಖೋಲಿ ಮಾಡಿಕೊಂಡಿದ್ದ ಹುಡುಗರಲ್ಲಿ ಗಂಟಲು ಗಟ್ಟಿ ಇದ್ದವನು ನೋಟ್ಸ್ ಓದುವುದು, ಉಳಿದವರು ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುವುದು. ಓದುವವನು ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದ. ನನ್ನ ನೋಟ್ಸಿನ ಅಂಚಿನಲ್ಲಿ ನೆನಪಿಗೆಂದು ನಾನೇ ಬರೆದುಕೊಂಡಿದ್ದ 'ಗ್ಯಾಸ್ ಬುಕ್ ಮಾಡಬೇಕು' ಎಂಬುದು ಜೆರಾಕ್ಸ್ ಆಗಿ, ಓದಲ್ಪಟ್ಟು, ಕಂಠಪಾಠವಾಗಿ, ಕೊನೆಗೆ ಇಬ್ಬರ ಉತ್ತರಪತ್ರಿಕೆಯಲ್ಲಿ ನನಗೇ ತಿರುಗಿ ಸಿಕ್ಕಿತು. ಕೇಂದ್ರ ಬ್ಯಾಂಕಿನ ಕಾರ್ಯಗಳಲ್ಲಿ ಅದು ಐದನೆಯದಾಗಿತ್ತು.

ಇದನ್ನು ನಮ್ಮ ವಿಭಾಗದ ಹಿರಿಯರಿಗೆ ತೋರಿಸಿ ಗೋಳಾಡಿದೆ. ಅವರು ಎಲೆ ಅಡಿಕೆ ಜಗಿಯುತ್ತ, "ತಪ್ಪು ನಿಮ್ಮದಲ್ರಿ ಮೇಡಂ, ನೀವು ತಿಳಿಸಿ ಹೇಳಾಕ ಹೊಕ್ಕೀರಿ. ತಿಳೀತಂದ್ರ ಹುಡುಗ್ರು ಪ್ರಶ್ನೆ ಕೇಳ್ತಾರ. ಬರಸ್ರಿ. ಬರಸಿದ್ರ ಇಬ್ಬರಿಗೂ ಆರಾಮ" ಎಂದರು. ಅವರು ಯಾವ ತರಬೇತಿಗೂ ಹೋದವರಲ್ಲ. ಆದರೂ ಮುಂದೆ ಬಂದ ಎಲ್ಲ ತರಬೇತಿಗಳ ಸಾರ ಅವರಿಗೆ ಆಗಲೇ ಗೊತ್ತಿತ್ತು.

ಆಮೇಲೆ ಕೊರೋನಾ ಬಂತು, ಕಾಲೇಜುಗಳು ಮುಚ್ಚಿದವು, ಪಾಠ ಫೋನಿನೊಳಗೆ ಹೋಯಿತು. ಆ ಕಾಲದಲ್ಲಿ ನಾವು ಏನು ಮಾಡಿದರೂ ಕ್ಷಮೆ ಇತ್ತು. ನಿಜವಾದ ಕಥೆ ಶುರುವಾದದ್ದು ಕಾಲೇಜು ತೆರೆದ ಮೇಲೆ. ಆನ್‌ಲೈನ್‌ನಲ್ಲಿ ಗುಂಪಾಗಿ ಕಲಿತರೆ ವಿದ್ಯಾರ್ಥಿಗಳ ಸಾಧನೆ ಹೆಚ್ಚುತ್ತದೆಂದು ಎಲ್ಲೋ ಯಾರಿಗೋ ಗೊತ್ತಾಗಿತ್ತು. ಗೊತ್ತಾದ ಮೇಲೆ ಸುಮ್ಮನಿರುವುದು ಹೇಗೆ? ಆದೇಶ ಬಂತು, ಆಂತರಿಕ ಅಂಕಗಳಲ್ಲಿ ಅದಕ್ಕೊಂದು ಪಾಲು ಬಂತು, ನಮಗೊಂದು ತರಬೇತಿಯೂ ಬಂತು.

ತರಬೇತಿಯೂ ಆನ್‌ಲೈನೇ. ವಿಷಯ, ಸಹಯೋಗದಿಂದ ಕಲಿಯುವುದು. ಸಂಪನ್ಮೂಲ ವ್ಯಕ್ತಿಗಳು ನಮ್ಮನ್ನೆಲ್ಲ ಮ್ಯೂಟ್ ಮಾಡಿ, ಇಡೀ ದಿನ ಒಬ್ಬರೇ ಮಾತಾಡಿದರು. ಸಂಜೆಯ ಹೊತ್ತಿಗೆ ನಮ್ಮನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು, ಪರಸ್ಪರ ಚರ್ಚಿಸಿರಿ ಎಂದರು. ನನ್ನ ಗುಂಪಿನಲ್ಲಿ ಇನ್ನಿಬ್ಬರಿದ್ದರು. ಒಬ್ಬರ ಕ್ಯಾಮೆರಾದಲ್ಲಿ ತಿರುಗುವ ಫ್ಯಾನ್ ಮಾತ್ರ ಕಾಣುತ್ತಿತ್ತು, ಅದರ ಸದ್ದಿನ ಜೊತೆಗೆ ಗೊರಕೆ. ಇನ್ನೊಬ್ಬರು ಸಂತೆಯಲ್ಲಿದ್ದರು. "ಮೆಂತೆ ಹೆಂಗವ್ವಾ?" ಎಂದು ಅವರು ಕೇಳಿದ್ದೇ ಆ ದಿನ ನಮ್ಮ ಗುಂಪಿನಲ್ಲಿ ಎದ್ದ ಏಕೈಕ ಪ್ರಶ್ನೆ. ಮೂವರಿಗೂ ಪ್ರಮಾಣಪತ್ರ ಬಂತು. 'ಸಕ್ರಿಯವಾಗಿ ಭಾಗವಹಿಸಿದ್ದಾರೆ' ಎಂದಿತ್ತು.

ನಮ್ಮ ಪ್ರಾಚಾರ್ಯರು ಹೊಸಗೌಡ್ರ ಸರ್. ಬಿಳಿ ಅಂಗಿ, ಜೇಬಿಗೆ ಎರಡು ಪೆನ್ನು, ನಮ್ಮೆಲ್ಲರ ಮಕ್ಕಳ ಮದುವೆಗೆ ತಪ್ಪದೆ ಬರುವ ಮನುಷ್ಯ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಕಾಲೇಜಿಗೆ ದರ್ಜೆ ಕೊಡುವ ಸಮಿತಿ ಬರುವುದಿತ್ತು, ಅವರಿಗೆ ಒಳ್ಳೆಯ ದರ್ಜೆ ಬೇಕಿತ್ತು, ಅಷ್ಟೇ. ಅವರು ಸ್ಟಾಫ್ ಮೀಟಿಂಗ್ ಕರೆದು ನಿಯಮ ಹೇಳಿದರು. ನಾಲ್ಕು ಜನರದೊಂದು ಗುಂಪು. ಪ್ರತಿ ಗುಂಪೂ ಒಂದೇ ಕಡತವನ್ನು ನಾಲ್ಕೂ ಫೋನಿನಲ್ಲಿ ತೆರೆದು ಕೂಡಿ ಬರೆಯಬೇಕು. ಆಮೇಲೆ ವಿಡಿಯೋದಲ್ಲಿ ಸೇರಿ ಅದನ್ನು ಮಂಡಿಸಬೇಕು. ನಾಲ್ಕೂ ಮುಖ ಕಾಣುವ ಸ್ಕ್ರೀನ್‌ಶಾಟ್ ಇದ್ದರೆ ಗುಂಪಿಗೆ ಪೂರ್ತಿ ಅಂಕ. ಒಂದು ಮುಖ ಕಡಿಮೆಯಾದರೂ ನಾಲ್ವರಿಗೂ ಸೊನ್ನೆ.

"ಬರದದ್ದನ್ನ ಯಾರು ಓದೋರ್ರಿ ಸರ್?" ಎಂದು ಕೇಳಿದೆ.

"ಓದಾಕ ಸಮಿತಿಯವ್ರಿಗೆ ಎಲ್ಲಿ ಟೈಮ್ ಐತ್ರಿ ಮೇಡಂ? ಅವ್ರು ಫೋಟೋ ನೋಡ್ತಾರ."

ಕೂಡಿ ಬರೆಯುವ ಕಡತಗಳನ್ನು ನಾನಂತೂ ಓದಿದೆ, ಬೇರೆ ಕೆಲಸವಿಲ್ಲದವಳಂತೆ. ತಡಸದ ಕಡೆಯ ಗುಂಪೊಂದರಲ್ಲಿ ನಾಲ್ವರೂ ತಮ್ಮ ತಮ್ಮ ಹೆಸರು ಬರೆದು, ಬಣ್ಣ ಹಚ್ಚಿ, ದಪ್ಪ ಮಾಡಿ ಅಲ್ಲಿಗೇ ನಿಲ್ಲಿಸಿದ್ದರು. ಪಕ್ಕದಲ್ಲಿ ಟಿಪ್ಪಣಿ ಬರೆಯಲು ಇದ್ದ ಜಾಗದಲ್ಲಿ ಮಾತ್ರ ಭರ್ಜರಿ ಚರ್ಚೆ. 'ನಾಳೆ ಬಸ್ ಐತೇನ?' 'ಐತಿ, ಆದ್ರ ನಿಲ್ಲಸಂಗಿಲ್ಲ.' 'ನಿಮ್ಮ ಎಮ್ಮಿ ಈದೇತೇನ?' 'ಹೂಂ, ಗಿಣ್ಣ ತರ್ತೇನಿ.' ಇನ್ನೊಂದು ಗುಂಪಿನಲ್ಲಿ ಒಬ್ಬ ಬರೆದದ್ದನ್ನು ಮತ್ತೊಬ್ಬ ಅಳಿಸಿ, ಅಳಿಸಿದವನು ಬರೆದದ್ದನ್ನು ಮೊದಲಿನವನು ಅಳಿಸಿ, ಕೊನೆಗೆ ಖಾಲಿ ಹಾಳೆಯನ್ನು ನಾಲ್ವರೂ ಒಪ್ಪಿದ್ದರು. ಪೂರ್ತಿ ಅಂಕ ಬಂತು. ಮುಖಗಳಿದ್ದವಲ್ಲ.

ಈಗ ಇನ್ನೊಂದು ಸೂಕ್ಷ್ಮ ನೋಡಿ. ಕಾಲೇಜು ತೆರೆದಿತ್ತು. ಈ ನಾಲ್ವರೂ ದಿನಾ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ಹಗಲು ಮೊಣಕೈಗೆ ಮೊಣಕೈ ತಾಗಿಸಿ ಕೂತವರು, ಬಸ್ಸು ಹಿಡಿದು ನಾಲ್ಕು ದಿಕ್ಕಿಗೆ ಹೋಗಿ, ಅಲ್ಲಿಂದ ಕೂಡಿ ಕಲಿಯಬೇಕಾಗಿತ್ತು. ಇದರಲ್ಲಿ ನಗುವಂಥದ್ದು ಏನಿದೆಯೆಂದು ಹೊಸಗೌಡ್ರ ಸರ್‌ಗೆ ಕೊನೆಯವರೆಗೂ ತಿಳಿಯಲಿಲ್ಲ.

ಗಂಗಾ ಇದ್ದ ಗುಂಪಿಗೆ ಮಾತ್ರ ಬುದ್ಧಿ ಇತ್ತು. ಗಂಗಾ ತಿಳವಳ್ಳಿಯಿಂದ ಒಳಗಿರುವ ಸಣ್ಣ ಊರಿನವಳು, ಗೋವಿನಜೋಳದ ಹೊಲಗಳ ನಡುವೆ ಮನೆ. ಮನೆಯಲ್ಲಿ ರೇಂಜ್ ಎಂಬುದು ಬರುವುದಿಲ್ಲ. ಸವಣೂರಿನ ಇರ್ಫಾನ್ ಆ ಗುಂಪಿನ ಗಂಟಲು, ಮತ್ತಿಬ್ಬರು ಅವನ ಹಿಂಬಾಲಕರು. ಹಾನಗಲ್ ತಾಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಬಗ್ಗೆ ಅವರ ವರದಿ. ಗಂಗಾ ತನ್ನ ಅವ್ವನ ಸಂಘಕ್ಕೆ ಹೋಗಿ, ಕೂತು, ಕೇಳಿ ಬರೆದಿದ್ದಳು. ಆ ವರ್ಷ ನಾನು ಓದಿದವುಗಳಲ್ಲಿ ಬರಹವೆಂದು ಕರೆಯಬಹುದಾದದ್ದು ಅದೊಂದೇ. ಮಂಡನೆಯ ದಿನ ನಾಲ್ವರೂ ಕಾಲೇಜಿನಲ್ಲೇ ಉಳಿದು, ಒಂದೇ ಕೋಣೆಯ ನಾಲ್ಕು ಮೂಲೆಗಳಲ್ಲಿ ಕೂತು, ಫೋನು ಹಿಡಿದು, ಚೆನ್ನಾಗಿ ಮಾಡಿ ಮುಗಿಸಿದರು.

ಮರುದಿನ ಪ್ರಾಚಾರ್ಯರು ನನ್ನನ್ನು ಕರೆಸಿದರು. ಎದುರಿಗೆ ಸ್ಕ್ರೀನ್‌ಶಾಟ್.

"ಇದೇನ್ರಿ ಮೇಡಂ? ನಾಕೂ ಮಂದಿ ಹಿಂದ ಒಂದ ಗ್ವಾಡಿ ಐತಿ. ಅದ ಹಸರ ಬಣ್ಣ."

"ಹೌದ್ರಿ ಸರ್, ನಮ್ಮ ಗ್ವಾಡಿನೇ. ಇಲ್ಲೆ ರೇಂಜ್ ಛಲೋ ಬರ್ತದಂತ ಇಲ್ಲೇ ಕೂತು ಮಾಡ್ಯಾರ."

"ಮತ್ತ ಅದು ಆನ್‌ಲೈನ್ ಹೆಂಗಾತ್ರಿ?"

"ಫೋನ್‌ನ್ಯಾಗೇ ಮಾಡ್ಯಾರಲ್ರಿ. ಮ್ಯಾಲ ಎದುರಾಬದುರಾ ಮಾತಾಡ್ಯಾರ. ಸಹಯೋಗ ಇನ್ನೂ ಹೆಚ್ಚಾತು."

"ಸಹಯೋಗ ಯಾರಿಗೆ ಬೇಕಾಗೈತ್ರಿ? ಸಮಿತಿಯವ್ರು ಇದನ್ನ ನೋಡಿದ್ರ, ಇವ್ರು ಕ್ಲಾಸ್‌ನ್ಯಾಗ ಕುಂತಾರ ಅಂತಾರ. ಮಾನ ಹೊಕ್ಕೈತಿ. ನಾಕು ಮುಖ, ನಾಕು ಗ್ವಾಡಿ. ಬ್ಯಾರೆ ಬ್ಯಾರೆ ಗ್ವಾಡಿ ಬೇಕು. ಮತ್ತೊಮ್ಮೆ ಮಾಡ್ಸರಿ. ಈ ಸಲ ನಾನೂ ಸೇರ್ತೇನಿ, ಸಮಿತಿಯವ್ರೊಬ್ರನ್ನೂ ಸೇರಸ್ತೇನಿ."

ವಿದ್ಯಾರ್ಥಿಗಳು ತರಗತಿಯಲ್ಲಿ ಕೂತು ಕಲಿತದ್ದು ಪತ್ತೆಯಾದರೆ ಕಾಲೇಜಿನ ಮಾನ ಹೋಗುವ ಕಾಲದಲ್ಲಿ ನಾನು ನೌಕರಿ ಮಾಡಿದ್ದೇನೆ. ನಿಮ್ಮ ಮಕ್ಕಳಿಗೆ ಹೇಳಿ.

ವಿಷಯವನ್ನು ನಾಲ್ವರಿಗೂ ತಿಳಿಸಿದೆ. ಇರ್ಫಾನ್, "ಗಂಗಾ, ನೀ ಹೆಂಗ ಮಾಡ್ತಿ? ನಿಮ್ಮನ್ಯಾಗ ಫೋನು ಬರೇ ಬ್ಯಾಟ್ರಿ ಹಚ್ಚಾಕಷ್ಟ ಐತಿ" ಎಂದು ಚೇಷ್ಟೆ ಮಾಡಿದ.

"ನೀ ಓದೂದು ಸುದ್ದ ಓದು ಸಾಕು. ನನ್ನ ಮುಖಾ ನಾ ತೋರಸ್ತೇನಿ" ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. "ಎಲ್ಲೆರ ರೇಂಜ್ ಹುಡುಕ್ತೇನ್ರಿ ಮೇಡಂ. ನನ್ನಿಂದ ಇವರ ಮೂರೂ ಮಂದಿಗೆ ಸೊನ್ನೆ ಬರೂದು ಬ್ಯಾಡ್ರಿ."

ಇನ್ನು ಆ ಮಧ್ಯಾಹ್ನ.

ಮುಂಗಾರಿಗೆ ಮೊದಲಿನ ದಿನಗಳು. ಬೆಳಗ್ಗೆಯಿಂದ ಬೇಯುವ ಸೆಕೆ, ಊಟದ ಹೊತ್ತಿಗೆ ತಿಳವಳ್ಳಿ ದಿಕ್ಕಿಗೆ ಮೋಡ ಕಟ್ಟತೊಡಗಿತ್ತು. ನಾನು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಒಂದು ಚೌಕದಲ್ಲಿ ಪ್ರಾಚಾರ್ಯರು, ಅವರದೇ ಕೋಣೆ. ಒಂದರಲ್ಲಿ ಇರ್ಫಾನ್, ನೀಲಿ ಗೋಡೆ. ಮತ್ತಿಬ್ಬರು, ಮತ್ತೆರಡು ಗೋಡೆ. ಸಮಿತಿಯ ಸದಸ್ಯರೊಬ್ಬರು ಸೇರಿದ್ದರು, ಅವರ ಕ್ಯಾಮೆರಾ ಬಂದ್. ಮುಖದ ನಿಯಮ ಅವರಿಗಿರಲಿಲ್ಲ. ಕೊನೆಗೆ ಗಂಗಾಳ ಚೌಕ ತೆರೆಯಿತು. ಅವಳ ಮುಖ, ಹಾರುತ್ತಿರುವ ಕೂದಲು, ಹಿಂದೆ ಗೋಡೆಯೇ ಇಲ್ಲ. ಬರೀ ಆಕಾಶ.

"ಗಂಗಾ, ಎಲ್ಲಿದ್ದೀಯವಾ?" ಎಂದೆ.

"ನೀರಿನ ಟಾಕಿ ಮ್ಯಾಲ್ರಿ ಮೇಡಂ. ನಮ್ಮೂರಾಗ ಇಲ್ಲೊಂದ ಕಡೆ ರೇಂಜ್ ಸಿಗೂದ್ರಿ."

ಊರಿಗೆಲ್ಲ ನೀರು ಬಿಡುವ ಎತ್ತರದ ಟಾಕಿ. ಅವಳ ಎಡಗೈ ಒಂದು ಕಬ್ಬಿಣದ ಸರಳನ್ನು ಹಿಡಿದಿತ್ತು. ಸರಳು ತುಕ್ಕು ಹಿಡಿದು ಕೆಂಪಾಗಿತ್ತು. ಅವಳು ಅಲುಗಿದರೆ ಅದೂ ಅಲುಗುತ್ತಿತ್ತು. ಭುಜದ ಹಿಂದಿನ ಆಕಾಶ ಕಪ್ಪಾಗಿತ್ತು, ನಾನು ನೋಡುತ್ತಿದ್ದಂತೆಯೇ ಅದರಲ್ಲೊಂದು ಬೆಳ್ಳನೆಯ ಗೆರೆ ಎಳೆದು ಹೋಯಿತು.

"ಇಳಿ ಮೊದಲ! ಮಿಂಚು ಹೊಡಿಲಿಕ್ಕತ್ತದ ಅಲ್ಲೆ, ಲಗೂ..."

"ಮೇಡಂ, ಮೇಡಂ, ನಡುವ ಡಿಸ್ಟರ್ಬ್ ಮಾಡಬ್ಯಾಡ್ರಿ, ಸಮಿತಿಯವ್ರು ಸೇರ್‍ಯಾರ" ಎಂದು ಹೊಸಗೌಡ್ರ ಸರ್ ಅಡ್ಡ ಬಂದರು. ಆಮೇಲೆ ಮೆಚ್ಚುಗೆಯ ದನಿಯಲ್ಲಿ, "ಗಂಗಾ, ಭೇಷ್! ನಿನ್ನ ಮುಖ ಎಲ್ಲಾರಕ್ಕಿಂತ ಛಲೋ ಕಾಣಾಕತ್ತೈತಿ. ಅಲ್ಲೇ ಇರವಾ. ಇರ್ಫಾನ್, ನೀ ಓದು" ಎಂದರು. ಇರ್ಫಾನ್ ಒಬ್ಬನನ್ನು ಬಿಟ್ಟು ಉಳಿದೆಲ್ಲರನ್ನೂ ಮ್ಯೂಟ್ ಮಾಡಿದರು. ನನ್ನನ್ನೂ.

ಆ ಗುಂಡಿ ಅವರ ಕೈಯಲ್ಲಿತ್ತು. ನಾನು ಒತ್ತಿದರೆ ತೆರೆಯುತ್ತಿರಲಿಲ್ಲ. ಸಂದೇಶ ಬರೆಯುವ ಜಾಗವನ್ನು ಅವರು ಮೊದಲೇ ಮುಚ್ಚಿದ್ದರು, ಹುಡುಗರು ಅಲ್ಲಿ 'ಹಾಯ್' ಎಂದು ಬರೆಯುತ್ತಾರೆಂದು. ನಾನು ಪರದೆಗೆ ಮುಖ ಹಚ್ಚಿ ಕೂಗಿದೆ. ನಮ್ಮ ಅಡುಗೆ ಮನೆಯಿಂದ ಮನೆಯವರು ಓಡಿ ಬಂದರು. ತಿಳವಳ್ಳಿಗೆ ಕೇಳಲಿಲ್ಲ.

ಪ್ರಾಚಾರ್ಯರಿಗೆ ಫೋನ್ ಹಚ್ಚಿದೆ. ಅವರ ಚೌಕದಲ್ಲಿ ಅವರ ಫೋನು ಮಿನುಗಿದ್ದು ಕಂಡಿತು. ಎತ್ತಿ ನನ್ನ ಹೆಸರು ನೋಡಿದರು. ಮೇಜಿನ ಮೇಲೆ ಬೋರಲು ಇಟ್ಟರು.

ಗಂಗಾಳಿಗೆ ಹಚ್ಚಿದೆ. ಕರೆ ಬಂದರೆ ವಿಡಿಯೋ ನಿಲ್ಲುತ್ತದೆ, ವಿಡಿಯೋ ನಿಂತರೆ ಮುಖ ಹೋಗುತ್ತದೆ, ಮುಖ ಹೋದರೆ ನಾಲ್ವರಿಗೂ ಸೊನ್ನೆ. ಅವಳು ಸರಳು ಬಿಟ್ಟು, ಆ ಕೈಯಿಂದ ಕರೆ ಕತ್ತರಿಸಿದಳು. ಆ ಕೈ ಸರಳನ್ನು ಬಿಟ್ಟು ಬಂದದ್ದು, ಗಾಳಿಗೆ ಅವಳು ಓಲಿದ್ದು, ಚೌಕದಲ್ಲಿ ಆಕಾಶ ಒಮ್ಮೆ ಡೊಂಕಾಗಿ ಮತ್ತೆ ನೆಟ್ಟಗಾದದ್ದು, ಇಷ್ಟನ್ನು ನಾನು ಈಗಲೂ ನೋಡುತ್ತೇನೆ. ತರಕಾರಿ ಹೆಚ್ಚುವಾಗ ನೋಡುತ್ತೇನೆ, ಬಸ್ಸಿನಲ್ಲಿ ಹೋಗುವಾಗ ಪ್ರತಿ ಊರಿನ ಟಾಕಿಯ ತುದಿಯಲ್ಲಿ ನೋಡುತ್ತೇನೆ. ಮತ್ತೆ ಕರೆ ಮಾಡುವ ಧೈರ್ಯ ಬರಲಿಲ್ಲ.

ಇರ್ಫಾನ್ ಓದುತ್ತಲೇ ಇದ್ದ. ಅವರು ಕೂಡಿ ಬರೆದ ಕಡತವನ್ನೇ ತೆರೆದಿಟ್ಟುಕೊಂಡು, ಎಲ್ಲಿಯೂ ಉಸಿರು ತೆಗೆದುಕೊಳ್ಳದೆ, ಅರ್ಥದ ಗೊಡವೆಗೇ ಹೋಗದೆ, ನಾನು ಇಡೀ ನೌಕರಿಯುದ್ದಕ್ಕೂ ಯಾವುದನ್ನು ಬೈದು ಬಿಡಿಸಲು ಹೆಣಗಿದ್ದೆನೋ ಸಾಕ್ಷಾತ್ ಆ ರೀತಿಯಲ್ಲಿ ಓದುತ್ತಿದ್ದ. ಆ ಕಡತ ನನ್ನ ಬಳಿಯೂ ತೆರೆದಿತ್ತು. ಅದರಲ್ಲಿ ಬರೆಯುವ ಅಧಿಕಾರ ನನಗಿತ್ತು. ಅದೊಂದನ್ನು ಮುಚ್ಚಲು ಪ್ರಾಚಾರ್ಯರಿಗೆ ಬರುತ್ತಿರಲಿಲ್ಲ. ಅವನು ಓದುತ್ತಿದ್ದ ಸಾಲಿಗಿಂತ ಸ್ವಲ್ಪ ಕೆಳಗೆ ಹೋಗಿ, ತೋಚಿದ್ದನ್ನು ಒತ್ತಿದೆ.

ಇರ್ಫಾನ್ ಓದಿದ: "ಸಂಘದ ಸದಸ್ಯೆಯರು ವಾರಕ್ಕೊಮ್ಮೆ ಸಭೆ ಸೇರಿ ಚರ್ಚಿಸುವ ಮೂಲಕ ಆರ್ಥಿಕವಾಗಿ ಗಂಗಾ ಕೆಳಗ ಇಳಿ ಸಿಡಿಲು ಬರ್ಲಿಕ್ಕತ್ತದ ಮಾರ್ಕ್ಸ್ ನಾ ಕೊಡ್ತೇನಿ ಲಗೂ ಇಳಿ ಸಬಲರಾಗುತ್ತಿದ್ದಾರೆ. ಅಲ್ಲದೆ ಸಾಮಾಜಿಕವಾಗಿಯೂ..."

ಒಂದೇ ಉಸಿರು, ಒಂದೇ ರಾಗ. ತಾನೇನು ಓದಿದೆನೆಂದು ಅವನಿಗೆ ಗೊತ್ತಾಗಲಿಲ್ಲ. ಪ್ರಾಚಾರ್ಯರು ತಲೆಯಾಡಿಸುತ್ತಿದ್ದರು, ಅವರಿಗೂ ಗೊತ್ತಾಗಲಿಲ್ಲ. ಗಂಗಾಳ ಮುಖ ಮಾತ್ರ ತಟ್ಟನೆ ಪರದೆಯ ಹತ್ತಿರ ಬಂತು. ಆಮೇಲೆ ಹಿಂದೆ ತಿರುಗಿ ಆಕಾಶ ನೋಡಿದಳು. ಎದ್ದಳು.

ಫೋನನ್ನು ಓಢಣಿಗೆ ಸುತ್ತಿಕೊಂಡಿರಬೇಕು. ಚೌಕದಲ್ಲಿ ಬಟ್ಟೆ, ನಿಚ್ಚಣಿಕೆಯ ಮೆಟ್ಟಿಲು, ಕಾಂಕ್ರೀಟು, ಮತ್ತೆ ಬಟ್ಟೆ. ನಾನು ಮೆಟ್ಟಿಲು ಕಂಡಾಗಲೆಲ್ಲ, "ಹೂಂ, ಇನ್ನೊಂದು, ಇನ್ನೊಂದು" ಎಂದು ಯಾರಿಗೂ ಕೇಳದ ಬಾಯಿಯಲ್ಲಿ ಹೇಳುತ್ತಿದ್ದೆ. ಒಮ್ಮೆಲೇ ಚೌಕ ಪೂರ್ತಿ ಬೆಳ್ಳಗಾಯಿತು. ಆಮೇಲೆ ಕಪ್ಪು. ಆಮೇಲೆ ಅವಳ ಹೆಸರಿನ ಮೊದಲ ಅಕ್ಷರ ಮಾತ್ರ ಉಳಿಯಿತು.

"ಗಂಗಾ ಹ್ವಾದ್ಲೇನು? ಇರಲಿ, ಸ್ಕ್ರೀನ್‌ಶಾಟ್ ನಾ ಸುರುವಿಗೇ ತಗೊಂಡೇನಿ. ನಾಕೂ ಮುಖ ಬಂದಾವ" ಎಂದರು ಹೊಸಗೌಡ್ರ ಸರ್. "ಮುಂದ ಓದು ಇರ್ಫಾನ್."

ಸುರುವಿಗೇ ತೆಗೆದುಕೊಂಡಿದ್ದರು. ಅಂದರೆ ಅವಳು ಅಲ್ಲಿ ಕೂತದ್ದರಲ್ಲಿ ಮೊದಲ ಗಳಿಗೆಯೊಂದನ್ನು ಬಿಟ್ಟು ಉಳಿದದ್ದು ಯಾರಿಗೂ ಬೇಕಾಗಿರಲಿಲ್ಲ.

ಫೋನು ಹಚ್ಚಿದರೆ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಣ್ಣುಮಗಳು ಸಮಾಧಾನವಾಗಿ ಹೇಳುತ್ತಿದ್ದಳು. ಮಳೆಯಲ್ಲೇ ಬಸ್ಸು ಹಿಡಿದೆ. ಹಿಂದಿನ ಸೀಟಿನಲ್ಲಿ ಇಬ್ಬರು ಮಾತಾಡುತ್ತಿದ್ದರು.

"ಆಚೀ ಊರಾಗ ಸಿಡ್ಲು ಬಡದೈತಂತಲೇ."

"ಯಾರಿಗಂತ?"

"ಎಮ್ಮಿಗಂತ ನಮ್ಮ ಮಾವ ಅಂದ. ಹುಡಿಗೀಗಂತ ಕಂಡಕ್ಟರ್ ಅನ್ನಾಕತ್ತಾನ."

ಎಮ್ಮೆಗೇ ಆಗಿರಲಿ ಎಂದು ನಾನು ತಿಳವಳ್ಳಿ ಬರುವವರೆಗೂ ಬೇಡಿಕೊಂಡೆ. ಎಮ್ಮೆಯ ಮನೆಯವರು ಕ್ಷಮಿಸಲಿ.

ಸಿಡಿಲು ಬಡಿದದ್ದು ಟಾಕಿಗೇ. ಅವಳು ಕೊನೆಯ ಕೆಲವು ಮೆಟ್ಟಿಲುಗಳಲ್ಲಿದ್ದಳು, ಸದ್ದಿಗೆ ಹೆದರಿ ಕೈ ಬಿಟ್ಟು ಜಿಗಿದಿದ್ದಳು. ಕಾಲಿನ ಹರಡು ಮುರಿದಿತ್ತು, ಅಷ್ಟೇ. ಈ 'ಅಷ್ಟೇ' ಎಂಬ ಮಾತನ್ನು ನಾನು ಹೇಳಿದಷ್ಟು ಖುಷಿಯಿಂದ ಯಾರೂ ಹೇಳಿರಲಾರರು. ಆಸ್ಪತ್ರೆಗೆ ಒಯ್ಯಲು ಗಾಡಿ ಬರುವುದಿತ್ತು, ಮನೆಯ ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿಸಿದ್ದರು. ನನ್ನನ್ನು ಕಂಡವಳೇ, "ಮೇಡಂ, ಉಳದವ್ರಿಗೆ ಮಾರ್ಕ್ಸ್ ಬಂದ್ವಿಲ್ರಿ?" ಎಂದಳು. ಬಂದವೆಂದೆ.

"ನೀ ಹೆಂಗ ಇಳದಿ? ಇರ್ಫಾನ್ ಓದಿದ್ದು ತಿಳೀತಾ?"

"ಇರ್ಫಾನ್ ತಾನ ಅಂದಿದ್ರ ಚೇಷ್ಟೆ ಮಾಡಾಕತ್ತಾನ ಅಂತ ಬಿಡ್ತಿದ್ನಿರಿ. 'ಬರ್ಲಿಕ್ಕತ್ತದ' ಅಂದ್ನಲ್ರಿ, ನಾವಾದ್ರ 'ಬರಾಕತ್ತೈತಿ' ಅಂತೇವಿ, ಅದು ನಿಮ್ಮ ಮಾತು. ಅವನ ಬಾಯಾಗ ನೀವ ಕುಂತು ಒದರಿದಂಗಾತು."

ಅವಳ ಅಪ್ಪ ಬಾಗಿಲ ಬಳಿ ನಿಂತಿದ್ದ, ಒದ್ದೆ ಬಟ್ಟೆಯಲ್ಲೇ. ಮಗಳಿಗೆ ಜೊಂಪು ಹತ್ತಿದ ಮೇಲೆ ನನ್ನ ಕಡೆ ತಿರುಗಿದ.

"ಅಕ್ಕಾರ, ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಓದಾಂವ ಆ ಹುಡುಗ ಓದಾಕತ್ತಿದ್ದ ಅಂತೀರಿ. ಮತ್ತ ಈಕಿ ಅಲ್ಲಿ ಕುಂತು ಏನು ಮಾಡೂದಿತ್ರಿ?"

"ಮುಖಾ ತೋರಸೂದಿತ್ತು."

"ಮುಖಾನ?" ಅವನು ಮಲಗಿದ್ದ ಮಗಳ ಕಡೆ ನೋಡಿದ. "ದಿನಾ ಕಾಲೇಜಿಗೆ ಬರ್ತಿದ್ಲಲ್ರಿ. ನೋಡಿದ್ದಿಲ್ಲೇನು ನೀವ್ಯಾರೂ?"

ಗಾಡಿ ಬಂತು, ಅವಳನ್ನು ಎತ್ತಿ ಹತ್ತಿಸಲು ಒಂದು ಪಕ್ಕ ನಾನೂ ಹಿಡಿದೆ. 

ಹೊಸಗೌಡ್ರ ಸರ್ ಮರುದಿನ ಆಸ್ಪತ್ರೆಗೆ ಮೋಸಂಬಿ ತಂದರು. ಅವಳ ತಲೆ ನೇವರಿಸುವಾಗ ಅವರ ಕಣ್ಣು ಒದ್ದೆಯಾದದ್ದನ್ನು ನಾನೇ ನೋಡಿದ್ದೇನೆ. ಮುಂದಿನ ವಾರ ಸಮಿತಿಗೆ ಹೋದ ವರದಿಯಲ್ಲಿ ಆ ಸ್ಕ್ರೀನ್‌ಶಾಟ್ ಇಡೀ ಪುಟದಷ್ಟು ದೊಡ್ಡದಾಗಿತ್ತು. ಕೊರತೆಗಳನ್ನು ಲೆಕ್ಕಿಸದೆ ಕಲಿಕೆಗೆ ಮುಂದಾದ ಗ್ರಾಮೀಣ ವಿದ್ಯಾರ್ಥಿನಿ ಎಂದು ಕೆಳಗೆ ಬರೆದಿತ್ತು.

"ಆ ಫೋಟೋ ತಗೀರಿ ಸರ್" ಎಂದೆ.

"ತಗೀಬೇಕಂತ ನನಗೂ ಅನಸ್ತೈತ್ರಿ ಮೇಡಂ. ಆದ್ರ ಅದ ಎಲ್ಲಾದ್ರಕ್ಕಿಂತ ಛಲೋ ಬಂದೈತಿ."

ತೆಗೆಯಲಿಲ್ಲ. ಸಾಧನೆಯ ಪಟ್ಟಿಯೂ ಜೊತೆಗಿತ್ತು. ಹೊಸ ಪದ್ಧತಿ ಬರುವ ಮೊದಲಿನ ಆಂತರಿಕ ಅಂಕ ಒಂದು ಕಡೆ, ಬಂದ ಮೇಲಿನದು ಒಂದು ಕಡೆ, ಏರಿಕೆ ಗುಡ್ಡದ ಹಾಗೆ ಎದ್ದು ಕಾಣುತ್ತಿತ್ತು. ಆ ಅಂಕ ಕೊಟ್ಟವರು ನಾವೇ ಎಂಬುದನ್ನು ಯಾರೂ ಗಮನಿಸಲಿಲ್ಲ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಯಾರು ಪಾಸಾಗುತ್ತಿದ್ದರೋ ಅವರೇ ಪಾಸಾದರು, ಉಳಿದವರು ಹಿಂದಿನಂತೆಯೇ ಉಳಿದರು. ಕಾಲೇಜಿಗೆ ಮಾತ್ರ ಒಳ್ಳೆಯ ದರ್ಜೆ ಬಂತು. ಗುಲಾಬ್‌ಜಾಮೂನು ಹಂಚಿದರು. ನಾನೂ ತಿಂದೆ, ಚೆನ್ನಾಗಿತ್ತು.

ನಿದ್ದೆ ಹತ್ತಿದಾಗ ಆ ಮಧ್ಯಾಹ್ನ ಒಂದು ಬದಲಾವಣೆಯೊಂದಿಗೆ ಬರುತ್ತದೆ. ಇರ್ಫಾನ್ ಓದುತ್ತಿರುತ್ತಾನೆ, ನಾನು ಬರೆಯುತ್ತಿರುತ್ತೇನೆ, ಅವನು ನನ್ನ ಸಾಲಿಗೆ ಬರುತ್ತಾನೆ. ಆದರೆ ಕನಸಿನಲ್ಲಿ ಅವನು ಒಳ್ಳೆಯ ವಿದ್ಯಾರ್ಥಿ, ನಾನು ಬಯಸಿದಂತೆ ಅರ್ಥ ಮಾಡಿಕೊಂಡು ಓದುವವನು. ಇದು ವರದಿಗೆ ಸಂಬಂಧವಿಲ್ಲದ್ದು ಎಂದು ತಿಳಿದು, ಆ ಸಾಲನ್ನು ಬಿಟ್ಟು ಮುಂದಿನದನ್ನು ಓದುತ್ತಾನೆ. ಎಚ್ಚರವಾಗುತ್ತದೆ.

ಆ ನಂತರ ನನ್ನ ನೌಕರಿ ಕೆಲವೇ ತಿಂಗಳು ಉಳಿದಿತ್ತು. ಸಮಿತಿಗೆ ತೋರಿಸಲೆಂದು ವಾರಕ್ಕೊಂದು ಆನ್‌ಲೈನ್ ತರಗತಿ ಆಗಲೂ ನಡೆದಿತ್ತು. ಆನ್‌ಲೈನ್ ತರಗತಿ ಶುರು ಮಾಡುವಾಗ ಎಲ್ಲರೂ 'ನನ್ನ ದನಿ ಕೇಳುತ್ತದೆಯೇ' ಎಂದು ಕೇಳುವುದು ರೂಢಿ. ನಾನು ಅದನ್ನು ಬಿಟ್ಟು, ಒಬ್ಬೊಬ್ಬರ ಹೆಸರು ಹಿಡಿದು, ಎಲ್ಲಿ ಕೂತೀರಿ ಎಂದು ಕೇಳತೊಡಗಿದೆ. ಹುಡುಗರು ನಕ್ಕರು. "ಕುರ್ಚಿ ಮ್ಯಾಲ್ರಿ ಮೇಡಂ." "ನಾ ಎಮ್ಮಿ ಮ್ಯಾಲ್ರಿ ಮೇಡಂ." "ಎಮ್ಮಿ ನಿಂತದೋ ನಡದದೋ?" ಎಂದು ನಾನೂ ಕೇಳಿದೆ. ಪಾಠ ತಡವಾಯಿತು. ಆಗಲಿ.

ಗಂಗಾ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿದ್ದಳು. ರೇಂಜ್ ಬರದ ಆ ಮನೆಯಿಂದಲೇ ಒಂದು ದಿನ ಹೇಗೋ ನನ್ನ ತರಗತಿಯಲ್ಲಿ ಅವಳ ಚೌಕ ಬಂತು. ಬಂತು, ಹೋಯಿತು, ಮತ್ತೆ ಬಂತು. ಚುಕ್ಕೆ ಚುಕ್ಕೆಯಾಗಿ ಒಡೆದ ಮುಖ.

"ಗಂಗಾ, ಎಲ್ಲಿ ಕೂತೀಯವಾ?"

ಅವಳು ಏನೋ ಹೇಳಿದಳು, ದನಿ ಮುಟ್ಟಲಿಲ್ಲ. ಅದು ಅವಳಿಗೂ ತಿಳಿಯಿತೆಂದು ಕಾಣುತ್ತದೆ, ಫೋನನ್ನು ಕೆಳಕ್ಕೆ ತಿರುಗಿಸಿದಳು. ಸಗಣಿ ಸಾರಿಸಿದ ನೆಲ, ಅದರ ಮೇಲೆ ಅವಳ ಎರಡು ಪಾದ, ಒಂದು ಬರಿಗಾಲು, ಒಂದು ಬಿಳಿ ಪಟ್ಟಿಯದು. ಅಷ್ಟರಲ್ಲಿ ರೇಂಜ್ ಹೋಗಿ ಚಿತ್ರ ಅಲ್ಲೇ ನಿಂತುಬಿಟ್ಟಿತು. ಪಾಠ ಮುಗಿಯುವವರೆಗೂ ಹಾಗೆಯೇ ಇತ್ತು.

ಮುಖ ಕಾಣಲಿಲ್ಲ. ಹಾಜರಿ ಹಾಕಿದೆ.